ಪಾತ್ರೆಯವನೂ ಒಲ್ಲದ ಬಟ್ಟೆ

ಹಳೆ ಬಟ್ಟೆ ಕೊಡುವುದಕ್ಕೆ ದಾನ ಎಂದು ಹೆಸರಿಟ್ಟವರು ಯಾರೋ ಕಾಣೆ, ಅವರು ಪಾತ್ರೆಯವನ ಜೊತೆ ಚೌಕಾಸಿ ಮಾಡಿದವರಲ್ಲ ಎಂಬುದು ಮಾತ್ರ ಖಂಡಿತ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವನನ್ನು ನೀವೂ ನೋಡಿದ್ದೀರಿ. ಜಗುಲಿಯ ಮೇಲೆ ನಾವು ಗಂಟು ಬಿಚ್ಚುತ್ತಿದ್ದಂತೆ ಒಂದೊಂದೇ ಸೀರೆ ಎತ್ತಿ ಬೆಳಕಿಗೆ ಹಿಡಿಯುತ್ತಾನೆ. ಜರಿ ಇದ್ದರೆ ಒಂದು ಕಡೆ, ಪ್ಯಾಂಟು ಗಟ್ಟಿಯಿದ್ದರೆ ಇನ್ನೊಂದು ಕಡೆ. ಅಂಚು ಪಿಸಿದದ್ದು, ಕಂಕುಳಲ್ಲಿ ಹರಿದದ್ದು, ಬಣ್ಣ ಬಿಟ್ಟದ್ದು ಕಂಡರೆ "ಇದು ನಡೆಯಲ್ಲ ಕಣಮ್ಮ" ಎಂದು ನಮ್ಮ ಕಡೆಗೇ ತಳ್ಳುತ್ತಾನೆ. ಒಂದು ಬೇಸಿನ್ನಿಗೆ ಎಷ್ಟು ಸೀರೆ ಎಂದು ಅರ್ಧ ಗಂಟೆ ಜಗಳವಾಡಿದ ಮೇಲೆ ಒಳ್ಳೆಯದೆಲ್ಲ ಅವನ ಗಂಟಿಗೆ ಹೋಗುತ್ತದೆ, ಅವನು ತಳ್ಳಿದ್ದು ಮತ್ತೆ ಅಟ್ಟ ಸೇರುತ್ತದೆ. ಆಮೇಲೆ ಒಂದು ದಿನ ಎಲ್ಲೋ ಹೊಳೆ ಉಕ್ಕುತ್ತದೆ, ಗುಡ್ಡ ಕುಸಿಯುತ್ತದೆ. ಬೀದಿಗೆ ಮೈಕಿನ ಆಟೋ ಬರುತ್ತದೆ. ಅಟ್ಟದ ಗಂಟು ಕೆಳಗಿಳಿಯುತ್ತದೆ. ಪಾತ್ರೆಯವನು ಒಂದು ಚಮಚಕ್ಕೂ ಒಲ್ಲೆ ಎಂದ ಬಟ್ಟೆಗೆ ಆಗ ಬರುವ ಹೆಸರು ಪರಿಹಾರ ಸಾಮಗ್ರಿ.

ಮಾತು ಕಟುವಾಯಿತು ಎನ್ನಬೇಡಿ. ಕೊಡುವ ಮನಸ್ಸಿನ ಮೇಲೆ ನನ್ನ ತಕರಾರಿಲ್ಲ. ಬೆಂಕಿ ಬಿದ್ದರೆ ಕೊಡ ಹಿಡಿದು ಓಡುವ ಜನ ನಾವು, ಆ ಗುಣ ದೊಡ್ಡದು. ತಕರಾರಿರುವುದು ಕೊಡುವ ರೀತಿಯ ಮೇಲೆ. ನಾವು ಕೊಡುವುದು ಅವರಿಗೆ ಬೇಕಾದದ್ದನ್ನಲ್ಲ, ನಮಗೆ ಬೇಡವಾದದ್ದನ್ನು. ಅಷ್ಟು ಮಾಡಿ ಅವರಿಂದ ಕೃತಜ್ಞತೆಯನ್ನೂ ನಿರೀಕ್ಷಿಸುತ್ತೇವೆ.

ನಮ್ಮ ಬಿಂಡಿಗನವಿಲೆ ಎಂದರೆ ಹೊರಗಿನವರಿಗೆ ಗರುಡ ದೇವರ ಊರು. ನಾಗಮಂಗಲ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. 2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಇಲ್ಲಿಯೂ ಹುಡುಗರು ಮೈಕು ಕಟ್ಟಿಕೊಂಡು ಬೀದಿ ಬೀದಿ ಸುತ್ತಿದರು. ಮಕ್ಕಂದೂರು, ಜೋಡುಪಾಲ, ಮದೆನಾಡು ಎಂದು ನಾವು ಅದುವರೆಗೆ ಕೇಳಿರದ ಊರುಗಳ ಹೆಸರು ಟೀವಿಯಲ್ಲಿ ದಿನವಿಡೀ ಬರುತ್ತಿತ್ತು. ಎರಡು ದಿನದಲ್ಲಿ ಒಂದು ಕೊಠಡಿ ತುಂಬ ಮೂಟೆಗಳು ಬಂದವು. ಮೈಕು ಹಿಡಿದವರು ಗಂಡಸರು, ಬ್ಯಾನರು ಬರೆಸಿದವರು ಗಂಡಸರು. ವಿಂಗಡಿಸಲು ಮಾತ್ರ "ನೀವೊಂದಿಷ್ಟು ಹೆಂಗಸರು ಬರ್ರಮ್ಮ" ಎಂದು ಕರೆ ಬಂತು. ನಾವು ಏಳೆಂಟು ಜನ ಹೋದೆವು.

ಆ ಮೂಟೆಗಳಲ್ಲಿ ಏನಿತ್ತು ಎಂದು ಹೇಳಿದರೆ ನಿಮಗೆ ನಗು ಬರಬಹುದು. ಒಂಟಿ ಕಾಲಿನ ಬೂಟು ಇತ್ತು. ಗುಂಡಿಯೇ ಇಲ್ಲದ ಷರ್ಟುಗಳಿದ್ದವು. ಯಾವುದೋ ಶಾಲೆಯ ಹಳೆ ಸಮವಸ್ತ್ರ, ಮದುವೆ ರಿಸೆಪ್ಷನ್ನಿನ ಮಿಂಚಿನ ಗಾಗ್ರಾ, ಸೊಳ್ಳೆಗಿಂತ ದೊಡ್ಡ ತೂತಿನ ಸೊಳ್ಳೆಪರದೆ, ಅರ್ಧ ಖಾಲಿಯಾದ ಕೆಮ್ಮಿನ ಔಷಧಿಯ ಬಾಟಲಿ. ಒಗೆಯದ ಬೆಡ್‌ಶೀಟುಗಳ ವಾಸನೆಗೆ ನಾವು ಸೆರಗನ್ನು ಮೂಗಿಗೆ ಕಟ್ಟಿಕೊಂಡಿದ್ದೆವು. ಕೊನೆಗೆ ಲೆಕ್ಕ ಹಾಕಿದರೆ ಉಡಬಹುದಾದದ್ದು ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ನಾನು ಬೇಡದ್ದನ್ನೆಲ್ಲ ಪಕ್ಕಕ್ಕೆ ಹಾಕುತ್ತಿದ್ದರೆ ಹಿರಿಯರೊಬ್ಬರು ಬೈದರು: "ಅಲ್ಲ ಕಣವ್ವ, ಮನೆಮಠ ಕಳ್ಕೊಂಡೋರು ಅವರು. ಬರೀ ಮೈಲಿರೋರಿಗೆ ಇಷ್ಟಾದ್ರೂ ಸಿಕ್ತಲ್ಲ ಅನ್ನು."

ಈ "ಇಷ್ಟಾದರೂ" ಎಂಬ ಮಾತೇ ಎಲ್ಲ ಅನರ್ಥಕ್ಕೂ ಮೂಲ. ಮೊನ್ನೆಯವರೆಗೆ ಅವರಿಗೂ ಬೀರು ಇತ್ತು, ಬೀರುವಿನಲ್ಲಿ ಮಡಿಸಿಟ್ಟ ಸೀರೆಯಿತ್ತು, ಹಬ್ಬಕ್ಕೊಂದು ಮದುವೆಗೊಂದು ಇತ್ತು. ಕಾಫಿ ತೋಟದ ಯಜಮಾನಿಯೂ ಇದ್ದಳು, ಆ ತೋಟದಲ್ಲಿ ಕೂಲಿ ಮಾಡುವವಳೂ ಇದ್ದಳು. ಒಂದು ರಾತ್ರಿಯಲ್ಲಿ ಅವರು ಮನೆ ಕಳೆದುಕೊಂಡರು ನಿಜ. ಮಾನವನ್ನು ಕಳೆದುಕೊಂಡಿರಲಿಲ್ಲ.

ಕೆ.ಆರ್. ಪೇಟೆ, ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದ ಕಡೆಗೆ ಸಾಮಾನು ಹೋದಾಗ ನಾವು ಮೂವರು ಹೆಂಗಸರೂ ಜೊತೆಗೆ ಹೋಗಿದ್ದೆವು. ಅಲ್ಲಿಯ ಒಂದು ಶಿಬಿರದ ಬಾಗಿಲಲ್ಲೇ ಬಟ್ಟೆಯ ಗುಡ್ಡೆ ನಮ್ಮ ಎದೆಯೆತ್ತರಕ್ಕಿತ್ತು. ಬೇರೆ ಬೇರೆ ಊರುಗಳಿಂದ ಬಂದದ್ದು, ಮಳೆಗೆ ನೆನೆದು ಮುಗ್ಗಲು ಹಿಡಿದಿತ್ತು. ಅದನ್ನು ತುಳಿಯದೆ ಒಳಗೆ ಹೋಗುವಂತಿರಲಿಲ್ಲ. ಒಳಗಿದ್ದ ಹೆಣ್ಣುಮಗಳೊಬ್ಬಳು ನನ್ನನ್ನು ಗೋಡೆಯ ಬದಿಗೆ ಕರೆದು, ಗಂಡಸರಿಗೆ ಕೇಳಿಸದ ಹಾಗೆ ಹೇಳಿದಳು: "ಅಕ್ಕ, ಸೀರೆ ರಾಶಿ ಬಿದ್ದಿದೆ. ಲಂಗ ಒಂದೂ ಇಲ್ಲ. ಲಂಗ ಇಲ್ಲದೆ ಸೀರೆ ಹೇಗೆ ಉಡೋದು? ನಾಲ್ಕು ದಿನದಿಂದ ಈ ಒದ್ದೆ ನೈಟಿಯಲ್ಲೇ ಇದ್ದೀನಿ."

ಲಂಗವಿಲ್ಲದೆ ಸೀರೆ ಉಡಲು ಬರುವುದಿಲ್ಲ ಎಂಬುದು ಹೆಣ್ಣು ಹುಟ್ಟಿದ ಮನೆಯಲ್ಲೆಲ್ಲ ಗೊತ್ತಿರುವ ಸಂಗತಿ. ಆದರೂ ಅಷ್ಟೂ ಲಾರಿಗಳಲ್ಲಿ ಅದು ಯಾರ ಪಟ್ಟಿಗೂ ಬರಲಿಲ್ಲ. ಪಟ್ಟಿ ಬರೆದವರು ಅಕ್ಕಿ, ಬಿಸ್ಕತ್ತು, ನೀರಿನ ಬಾಟಲಿ, ಬಟ್ಟೆ ಎಂದು ಬರೆದರು. ಒಳಉಡುಪು ಬರೆಯಲಿಲ್ಲ, ಮುಟ್ಟಿನ ದಿನದ ಪ್ಯಾಡು ಬರೆಯಲಿಲ್ಲ, ಎಳೆಗೂಸಿಗೆ ಮೆತ್ತನೆ ಬಟ್ಟೆ ಬರೆಯಲಿಲ್ಲ, ಸ್ನಾನಕ್ಕೆ ಮರೆ ಕಟ್ಟಲು ಟಾರ್ಪಾಲು ಬರೆಯಲಿಲ್ಲ, ಮುದುಕಿಯರ ರಕ್ತದೊತ್ತಡದ ಮಾತ್ರೆ ಬರೆಯಲಿಲ್ಲ. ಒಬ್ಬ ಹೆಂಗಸನ್ನು ಕೇಳಿದ್ದರೆ ಐದು ನಿಮಿಷದಲ್ಲಿ ಹೇಳಿಬಿಡುತ್ತಿದ್ದಳು. ಪರಿಹಾರ ಸಮಿತಿಯೆಂದರೆ ಹತ್ತು ಜನ ಗಂಡಸರು, ಪರಿಹಾರ ಶಿಬಿರವೆಂದರೆ ಮುಕ್ಕಾಲು ಪಾಲು ಹೆಂಗಸರು, ಮಕ್ಕಳು, ವಯಸ್ಸಾದವರು. ಇವೆರಡರ ನಡುವೆ ಮಾತುಕತೆಯೇ ಇಲ್ಲ.

ಇದು ಕೊಡಗಿನ ಕಥೆ ಮಾತ್ರವಲ್ಲ. 2001ರ ಜನವರಿ 26ರ ಭೂಕಂಪದ ಮೇಲೆ ಗುಜರಾತಿನ ಕಛ್‌ನಲ್ಲಿ ಹಳೆ ಬಟ್ಟೆ ರಸ್ತೆಬದಿಯಲ್ಲಿ ಬಿದ್ದಿತ್ತು. 2004ರ ಡಿಸೆಂಬರ್ 26ರ ಸುನಾಮಿಯ ಮೇಲೆ ನಾಗಪಟ್ಟಣದ ಮೀನುಗಾರರ ಹೆಂಗಸರು ಹಳೆ ಬಟ್ಟೆಯನ್ನು ಮುಟ್ಟಲಿಲ್ಲ. ಅದು ರಸ್ತೆಯಲ್ಲಿ ಗುಡ್ಡೆಗುಡ್ಡೆಯಾಗಿ ಬಿದ್ದ ಚಿತ್ರಗಳು ಪತ್ರಿಕೆಗಳಲ್ಲೆಲ್ಲ ಬಂದವು. "ಇವರಿಗೆ ಎಷ್ಟು ಕೊಬ್ಬು" ಎಂದವರನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕೊಬ್ಬಲ್ಲ ತಾಯಿ, ಮರ್ಯಾದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಮಣ್ಣಿನಡಿ ಹೋದಾಗಲೂ ಅದೇ ಪಾಠ. ಬದುಕಿದವರನ್ನು ಹುಡುಕುವ ಕೆಲಸದ ಮಗ್ಗುಲಲ್ಲೇ ಉಡಲಾಗದ ಬಟ್ಟೆಯನ್ನು ವಿಲೇವಾರಿ ಮಾಡುವ ಕೆಲಸವೂ ಸೇರಿಕೊಂಡಿತು.

ಬಟ್ಟೆಯಾದರೂ ಕೊಳೆಯುತ್ತದೆ, ಔಷಧಿ ಕೊಲ್ಲುತ್ತದೆ. 1988ರ ಡಿಸೆಂಬರ್‌ನಲ್ಲಿ ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಅರ್ಮೇನಿಯಾದಲ್ಲಿ ದೊಡ್ಡ ಭೂಕಂಪವಾಯಿತು. ಪ್ರಪಂಚದ ಮೂಲೆಮೂಲೆಯಿಂದ ಐದು ಸಾವಿರ ಟನ್ನಿನಷ್ಟು ಔಷಧಿ ಮತ್ತು ಆಸ್ಪತ್ರೆ ಸಾಮಾನು ಹೋಯಿತು. ಅದರಲ್ಲಿ ಕೂಡಲೇ ಬಳಸಬಹುದಾಗಿದ್ದ ಔಷಧಿ ನೂರಕ್ಕೆ ಮೂವತ್ತರಷ್ಟು ಮಾತ್ರ. ಉಳಿದದ್ದು ಅವಧಿ ಮುಗಿದದ್ದು, ಆ ರೋಗಕ್ಕೆ ಸಂಬಂಧವಿಲ್ಲದ್ದು, ಯಾವ ಭಾಷೆಯಲ್ಲಿ ಏನು ಬರೆದಿದೆ ಎಂದೇ ತಿಳಿಯದ್ದು. ಅದನ್ನು ವಿಂಗಡಿಸಲು ಐವತ್ತು ಜನ ಆರು ತಿಂಗಳು ಕೂತರು. ಇಂಥದ್ದು ಮೇಲಿಂದ ಮೇಲೆ ಆಗಿ, ಕೊನೆಗೆ 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಿ ದಾನಕ್ಕೇ ನಿಯಮ ಬರೆಯಬೇಕಾಯಿತು. ಅದರ ಸಾರ ಇಷ್ಟೇ: ಕೇಳಿದ್ದನ್ನು ಕೊಡಿ, ನೀವು ನುಂಗಲು ಒಪ್ಪದ್ದನ್ನು ಬೇರೆಯವರಿಗೆ ಕೊಡಬೇಡಿ. ಕೇಳದೆ ಬರುವ ಸಾಮಾನಿಗೆ ಪರಿಹಾರ ಕೆಲಸದಲ್ಲಿ ಪಳಗಿದವರು ಇಟ್ಟಿರುವ ಹೆಸರು "ಎರಡನೆಯ ಆಪತ್ತು". ಮೊದಲನೆಯದನ್ನು ಪ್ರಕೃತಿ ಕೊಡುತ್ತದೆ, ಎರಡನೆಯದನ್ನು ನಾವು ಲಾರಿ ಬಾಡಿಗೆ ಕೊಟ್ಟು ಕಳಿಸುತ್ತೇವೆ.

ಈ ನಿಯಮ ಕಲಿಯಲು ನಾವು ಹೊರದೇಶಕ್ಕೆ ಹೋಗಬೇಕಾಗಿಲ್ಲ. ಗೌರಿಹಬ್ಬದ ಬಾಗಿನವನ್ನು ನೆನಪಿಸಿಕೊಳ್ಳಿ. ಮೊರಕ್ಕೆ ಅರಿಶಿನ ಬಳಿದು, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಾಚಣಿಗೆ, ಕನ್ನಡಿ, ರವಿಕೆ ಕಣ ಇಟ್ಟು ಮೇಲೊಂದು ಮೊರ ಮುಚ್ಚಿ, ಸೆರಗು ಹಿಡಿದು ಕೊಡುತ್ತೇವೆ. ಆ ಮೊರದಲ್ಲಿ ಹರಕು ರವಿಕೆ ಇಟ್ಟವರನ್ನು ಎಲ್ಲಾದರೂ ಕಂಡಿದ್ದೀರಾ? ಸೀಳು ಬಿಟ್ಟ ಬಳೆ ಇಟ್ಟವರನ್ನು? ಇನ್ನು ಊರೆಲ್ಲ ಸುತ್ತಿ ಮರುವರ್ಷ ನಮ್ಮ ಮನೆಗೇ ವಾಪಸು ಬರುವ ರವಿಕೆ ಕಣದ ಮಾತು ಬೇರೆ ಬಿಡಿ. ಅದೂ ಪಾಪ ಹೊಸದಾಗಿಯೇ ಇರುತ್ತದೆ, ಯಾರೂ ಉಟ್ಟಿರುವುದಿಲ್ಲ. ಎದುರಿಗೆ ನಿಂತವಳ ಕಣ್ಣಿಗೆ ಕಣ್ಣು ಕೊಟ್ಟು ಕೊಡಬೇಕಾದಾಗ ನಮಗೆ ಕೈ ನಡುಗುತ್ತದೆ, ಕಡಿಮೆಯದ್ದನ್ನು ಕೊಡಲಾರೆವು. ಮುಖ ಕಾಣದವಳಿಗೆ ಕೊಡುವಾಗ ಆ ನಡುಕ ಇಲ್ಲ.

ಬಾಗಿನಕ್ಕಿಂತ ನನಗೆ ಹೆಚ್ಚು ಇಷ್ಟವಾಗುವುದು ಮುಯ್ಯಿ. ಮುಯ್ಯಿ ಎಂದರೆ ಸೇಡು ಎಂದಷ್ಟೇ ತಿಳಿದವರಿದ್ದಾರೆ. ನಮ್ಮ ಸೀಮೆಯಲ್ಲಿ ಹಾಗಲ್ಲ. ಮದುವೆ ಚಪ್ಪರದಲ್ಲಿ ಒಬ್ಬರು ನೋಟ್‌ಬುಕ್ಕು ಹಿಡಿದು ಕೂತಿರುತ್ತಾರೆ. ಬಂದವರು ಮುಯ್ಯಿ ಬರೆಸುತ್ತಾರೆ. ಇಂಥ ಊರಿನ ಇಂಥವರು, ಇಷ್ಟು ರೂಪಾಯಿ. ನಾಳೆ ಅವರ ಮನೆ ಮದುವೆಗೆ ಆ ಪುಸ್ತಕ ತೆಗೆದು ನೋಡಿ, ಅದಕ್ಕೊಂದಿಷ್ಟು ಸೇರಿಸಿ ವಾಪಸು ಹಾಕುತ್ತೇವೆ. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಹೋಗುತ್ತೇವೆ. ಇವತ್ತು ನಿಮ್ಮ ಹೊಲ, ನಾಳೆ ನಮ್ಮದು. ಸಾವಿನ ಮನೆಯಲ್ಲಿ ಒಲೆ ಹಚ್ಚಲು ಬಿಡದೆ ಅಕ್ಕಪಕ್ಕದವರು, ಬೀಗರು ಅಡುಗೆ ತಂದು ಬಡಿಸುತ್ತಾರೆ. ಹಳಸಿದ್ದನ್ನು ತರುವುದಿಲ್ಲ. ತಂದವರು ಫೋಟೋ ತೆಗೆಸಿಕೊಳ್ಳುವುದಿಲ್ಲ. ಉಂಡವರು ಕೈಮುಗಿದು ನಿಲ್ಲುವುದಿಲ್ಲ. ಏಕೆಂದರೆ ಇವತ್ತು ಉಣ್ಣುವವರು ನಾಳೆ ಬಡಿಸುವವರು ಎಂಬುದು ಇಬ್ಬರಿಗೂ ಗೊತ್ತು. ದಾನದಲ್ಲಿ ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಮುಯ್ಯಿಯಲ್ಲಿ ಎರಡು ಕೈಯೂ ಒಂದೇ ಎತ್ತರದಲ್ಲಿರುತ್ತವೆ.

ಕೊಡಗಿನ ವಿಷಯಕ್ಕೇ ಬರೋಣ. ಅದೇ 2018ರ ಜುಲೈ ತಿಂಗಳಲ್ಲಿ ಕನ್ನಂಬಾಡಿ ಕಟ್ಟೆ ತುಂಬಿತೆಂದು ಮಂಡ್ಯ ಜಿಲ್ಲೆಯಲ್ಲಿ ಹಬ್ಬವಾಯಿತು. ಮುಖ್ಯಮಂತ್ರಿಗಳು ಕಾವೇರಿಗೆ ಬಾಗಿನ ಬಿಟ್ಟರು. ಆ ನೀರು ಎಲ್ಲಿಂದ ಬಂತು? ಕೊಡಗಿನ ಗುಡ್ಡದ ಮೇಲೆ ಬಿದ್ದ ಮಳೆಯಿಂದ. ಅದೇ ಮಳೆ ಇನ್ನೊಂದು ತಿಂಗಳು ಬಿಡದೆ ಹೊಯ್ದು ಆ ಗುಡ್ಡಗಳನ್ನೇ ತಳ್ಳಿತು. ನಮ್ಮ ಜಿಲ್ಲೆಯ ಗದ್ದೆ ಹಸಿರಾಗುವುದು ಅವರ ತಲೆಯ ಮೇಲೆ ಬೀಳುವ ನೀರಿನಿಂದ. ಮಂಡ್ಯದಿಂದ ಕೊಡಗಿಗೆ ಹೋಗಬೇಕಾದದ್ದು ಧರ್ಮವಲ್ಲ, ಹಳೆಯ ಮುಯ್ಯಿ. ಅದನ್ನು ಒಂಟಿ ಬೂಟಿನಲ್ಲಿ ತೀರಿಸುವುದೇ?

ಹಾಗೆ ನೋಡಿದರೆ ಹರಕು ಬಟ್ಟೆಗಿಂತಲೂ ಹೆಚ್ಚು ಚುಚ್ಚುವುದು ಕೊಡುವ ಭಂಗಿ. ಆ ವರ್ಷವೇ ಹಾಸನ ಜಿಲ್ಲೆಯ ರಾಮನಾಥಪುರದ ಶಿಬಿರದಲ್ಲಿ ಮಂತ್ರಿಯೊಬ್ಬರು ನೆರೆಯಲ್ಲಿ ನೊಂದವರ ಕಡೆಗೆ ಬಿಸ್ಕತ್ತಿನ ಪೊಟ್ಟಣಗಳನ್ನು ಎಸೆದದ್ದನ್ನು ನಾಡೆಲ್ಲ ನೋಡಿತು, ಛೀ ಎಂದಿತು. ಸರಿಯೇ. ಆದರೆ ನಾವು? ಒಂದು ಬಕೆಟ್ಟನ್ನು ಏಳು ಜನ ಹಿಡಿದುಕೊಂಡು, ತೆಗೆದುಕೊಳ್ಳುವವಳನ್ನು ನಡುವೆ ನಿಲ್ಲಿಸಿ, "ಸ್ವಲ್ಪ ಈ ಕಡೆ ನೋಡಮ್ಮ" ಎಂದು ಫೋಟೋ ತೆಗೆಸುವುದಿಲ್ಲವೇ? ತಲೆ ಬಾಚಿಕೊಳ್ಳಲು ಬಾಚಣಿಗೆ ಇಲ್ಲದ ಹೆಂಗಸಿನ ಮುಖವನ್ನು ಊರಿನ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹಾಕುತ್ತೇವೆ. ಎಸೆಯುವುದು ಎಂದರೆ ಕೈಯಿಂದಲೇ ಎಸೆಯಬೇಕೆಂದಿಲ್ಲ. ನಮ್ಮ ಮನೆಯಲ್ಲಿ ಸಾವಾದಾಗ ಯಾರಾದರೂ ಅನ್ನದ ತಪ್ಪಲೆ ಹಿಡಿದು ಹೀಗೆ ಫೋಟೋಗೆ ನಿಲ್ಲಿಸಿದ್ದರೆ ನಾವು ಅವರ ಅನ್ನ ಉಣ್ಣುತ್ತಿದ್ದೆವೇ?

ದೊಡ್ಡ ದಾನಿಗಳೂ ಈ ದೋಷದಿಂದ ಪಾರಾಗಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕ ಮುಳುಗಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಮನೆ ಬಿದ್ದವು. "ಆಸರೆ" ಎಂಬ ಒಳ್ಳೆಯ ಹೆಸರಿನ ಯೋಜನೆಯಲ್ಲಿ ಮಠಗಳು, ಕಂಪನಿಗಳು, ದಾನಿಗಳು ಸರ್ಕಾರದ ಜೊತೆ ಸೇರಿ ಮನೆ ಕಟ್ಟಿಸಿದರು. ಅವರ ಔದಾರ್ಯಕ್ಕೆ ನಮಸ್ಕಾರ. ಆದರೂ ಎಷ್ಟೋ ಊರುಗಳಲ್ಲಿ ಆ ಮನೆಗಳು ವರ್ಷಗಟ್ಟಲೆ ಖಾಲಿ ಉಳಿದವು, ಬಾಗಿಲು ಕಿಟಕಿ ಕಿತ್ತುಹೋದವು, ಜಾಲಿ ಬೆಳೆಯಿತು. ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆ. ಎರಡು ಎತ್ತು, ಒಂದು ಎಮ್ಮೆ, ಮೇವಿನ ಬಣವೆ, ಕಟ್ಟಿಗೆ, ಅತ್ತೆ ಮಾವ, ಇಬ್ಬರು ಮಕ್ಕಳಿರುವ ಸಂಸಾರಕ್ಕೆ ಪಟ್ಟಣದ ಅಳತೆಯ ಪುಟ್ಟ ಮನೆ. ಎಮ್ಮೆ ಎಲ್ಲಿ ಕಟ್ಟುತ್ತೀಯಮ್ಮ ಎಂದು ಆ ಮನೆಯ ಹೆಂಗಸನ್ನು ಮೊದಲೇ ಕೇಳಿದ್ದರೆ? 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣೆಯರು ಮತ್ತೆ ಉಕ್ಕಿದರು. ಹತ್ತು ವರ್ಷದ ಕೆಳಗೆ ಮನೆ "ಪಡೆದವರು" ಮತ್ತೆ ಹೊಳೆದಂಡೆಯ ಹಳೆ ಮನೆಯಿಂದಲೇ ಗಂಟು ಕಟ್ಟಿಕೊಂಡು ಓಡಿದರು.

ಹೋಗಿ ಕೆಲಸ ಮಾಡುವವರ ವಿಷಯವೂ ಇಷ್ಟೇ. ಸ್ವಯಂಸೇವಕರು ಬೇಕು, ಬಹಳ ಬೇಕು. ಆದರೆ ಶನಿವಾರ ಹೋಗಿ ಭಾನುವಾರ ಬರುವ, ಹೋದ ಕಡೆ ತಾವೇ ಊಟ ಮತ್ತು ಹಾಸಿಗೆ ಕೇಳುವ, ಕುಸಿದ ಗುಡ್ಡದ ಮುಂದೆ ನಿಂತು ಫೋನು ಎತ್ತಿ ಹಿಡಿಯುವ ದಂಡು ಬೇಕಿಲ್ಲ. 2018ರಲ್ಲಿ ಕೇರಳ ಮುಳುಗಿದಾಗ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೇರಿಸಿಕೊಂಡು ಬಂದರು. ಅವರಿಗೆ ನೀರು ಗೊತ್ತಿತ್ತು, ದೋಣಿ ಇತ್ತು, ಸಾವಿರಾರು ಜನರನ್ನು ಎಳೆದು ತಂದರು. ನೀರು ಇಳಿದ ಮೇಲೆ ಕುಟುಂಬಶ್ರೀ ಸಂಘಗಳ ಲಕ್ಷಾಂತರ ಹೆಂಗಸರು ಪೊರಕೆ ಹಿಡಿದು ಹೋಗಿ ಮನೆಮನೆಯ ಕೆಸರು ಬಳಿದರು. ಅವರಲ್ಲಿ ಎಷ್ಟೋ ಜನರ ಸ್ವಂತ ಮನೆಗೂ ನೀರು ನುಗ್ಗಿತ್ತು. ಸಂಘದ ಉಳಿತಾಯದ ಹಣವನ್ನೂ ಕೂಡಿಸಿ ಪರಿಹಾರ ನಿಧಿಗೆ ಕೊಟ್ಟರು. ಇದು ಸೇವೆ. ತನಗೆ ಬರುವ ಕೆಲಸವನ್ನು, ಅಲ್ಲಿ ಬೇಕಾದ ಹೊತ್ತಿಗೆ, ಸದ್ದಿಲ್ಲದೆ ಮಾಡುವುದು.

"ಹಾಗಾದರೆ ಏನು ಕೊಡಬೇಕು ಹೇಳಿ" ಎಂದು ನೀವು ಕೇಳುತ್ತೀರಿ. ದುಡ್ಡು ಕೊಡಿ. ಈ ಮಾತು ಹೇಳಿದ ಕೂಡಲೇ ಎದುರಿನವರ ಮುಖ ಸಣ್ಣಗಾಗುವುದು ನನಗೆ ಗೊತ್ತು. "ದುಡ್ಡು ಕೊಟ್ಟರೆ ತಿಂದುಬಿಡುತ್ತಾರೆ ಕಣ್ರಿ" ಎನ್ನುತ್ತಾರೆ. ತಿನ್ನುವವರು ಇದ್ದಾರೆ, ಇಲ್ಲ ಎನ್ನಲಾರೆ. ಆದರೆ ಹಾಗೆನ್ನುವ ಬಾಯಿಗಳು ತಿಂಗಳಿಗೆ ಎರಡು ಚೀಟಿ ಕಟ್ಟುತ್ತವೆ, ಗುರುತಿಲ್ಲದವರ ಮಾತು ನಂಬಿ ಸೈಟಿಗೆ ಮುಂಗಡ ಕೊಡುತ್ತವೆ. ಪರಿಹಾರಕ್ಕೆ ನೂರು ರೂಪಾಯಿ ಕೊಡುವಾಗ ಮಾತ್ರ ಪ್ರಪಂಚದ ಭ್ರಷ್ಟಾಚಾರವೆಲ್ಲ ನೆನಪಾಗುತ್ತದೆ. ತಿನ್ನುತ್ತಾರೆಂಬ ಭಯಕ್ಕೆ ಮದ್ದು ಹರಕು ಬಟ್ಟೆಯಲ್ಲ, ಲೆಕ್ಕ ಕೇಳುವುದು. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟರೆ ರಸೀದಿ ಇದೆ. ಹೆಸರಾಂತ ಸಂಸ್ಥೆಗೆ ಕೊಟ್ಟರೆ ಅದರ ವರ್ಷದ ವರದಿ ಕೇಳುವ ಹಕ್ಕು ನಿಮಗಿದೆ. ಹಣವಾದರೆ ಅಲ್ಲಿನ ಅಂಗಡಿಯಿಂದಲೇ ಲಂಗ ಕೊಳ್ಳಬಹುದು. ಲಾರಿ ಬಾಡಿಗೆ ಉಳಿಯುತ್ತದೆ, ಮಳೆಯಲ್ಲಿ ವ್ಯಾಪಾರ ಕಳೆದುಕೊಂಡ ಆ ಊರಿನ ಅಂಗಡಿಯವನೂ ಉಸಿರು ಹಿಡಿಯುತ್ತಾನೆ.

ನನ್ನ ಅಣ್ಣನ ಮಗಳು ಅಮೆರಿಕದಿಂದ ಫೋನು ಮಾಡಿ "ಅತ್ತೆ, ಒಂದು ಡಬ್ಬ ತುಂಬ ಸ್ವೆಟರು ಕಳಿಸಲಾ?" ಎಂದಳು. ಬೇಡ ಮಗಳೇ, ಆ ಡಬ್ಬದ ಸಾಗಣೆ ಖರ್ಚಿನಲ್ಲಿ ಇಲ್ಲಿ ಹತ್ತು ಕಂಬಳಿ ಬರುತ್ತದೆ ಎಂದೆ. ಹೊರದೇಶದಲ್ಲಿ ಮಕ್ಕಳಿರುವ ನೀವೂ ಇದನ್ನು ತಿಳಿದಿರುವುದು ಒಳ್ಳೆಯದು. ನಮ್ಮ ದೇಶದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಹಣವನ್ನು ಬ್ಯಾಂಕಿನ ಮೂಲಕ ಸಂಸ್ಥೆಗಳಿಗೆ ಕಳಿಸಬಹುದು. ಅಲ್ಲಿನ ಪೌರತ್ವ ಪಡೆದುಬಿಟ್ಟವರ ಹಣ ತೆಗೆದುಕೊಳ್ಳಲು ಮಾತ್ರ ಇಲ್ಲಿನ ಸಂಸ್ಥೆಗೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಇರಬೇಕು. ಕೇಳಿ ಕಳಿಸಲಿ.

ಬಟ್ಟೆಯನ್ನೇ ಕೊಡಬೇಕೆಂದಿದ್ದರೆ ಅದಕ್ಕೂ ದಾರಿ ಇದೆ. 1999ರಲ್ಲಿ ಅಂಶು ಗುಪ್ತ ಎಂಬುವರು ದೆಹಲಿಯಲ್ಲಿ ಗೂಂಜ್ ಎಂಬ ಸಂಸ್ಥೆ ಕಟ್ಟಿದರು. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಟ್ಟೆಯನ್ನು ತೊಳೆದು, ವಿಂಗಡಿಸಿ, ದುರಸ್ತಿ ಮಾಡಿ ಕೊಡುತ್ತಾರೆ. ಉಡಲಾಗದ ಹತ್ತಿಬಟ್ಟೆಯಲ್ಲಿ ಮುಟ್ಟಿನ ಪ್ಯಾಡು ಮಾಡುತ್ತಾರೆ. ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು: ಬಟ್ಟೆಯನ್ನು ಪುಕ್ಕಟೆ ಹಂಚುವುದಿಲ್ಲ. ಊರವರೇ ತಮ್ಮ ಊರಿಗೆ ಬೇಕಾದ ಕೆಲಸ, ಬಾವಿಯೋ ದಾರಿಯೋ, ಮಾಡಿಕೊಳ್ಳುತ್ತಾರೆ. ಬಟ್ಟೆ ಅದಕ್ಕೆ ಸಲ್ಲುತ್ತದೆ. ಪಡೆದವರು ತಲೆ ತಗ್ಗಿಸಬೇಕಾಗಿಲ್ಲ. ನಮ್ಮ ಮುಯ್ಯಾಳಿನ ನ್ಯಾಯವೇ ಅಲ್ಲವೇ ಇದು?

ಇನ್ನು ಕೊನೆಯ ಮಾತು, ನಮ್ಮ ಕಾಲ ಬುಡದ್ದು. ಮಂಡ್ಯ ಜಿಲ್ಲೆ ಎಂದರೆ ಕಬ್ಬು, ಭತ್ತ ಎಂದುಕೊಂಡವರು ಬಿಂಡಿಗನವಿಲೆಯ ಕಡೆ ಬಂದು ನೋಡಬೇಕು. ರಾಗಿ ಹೊಲ, ತೆಂಗು, ಮಳೆಗೆ ಬಾಯಿ ಬಿಟ್ಟ ಕೆರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಸಾರಿತು. ಕೇಂದ್ರದ ನೆರವಿಗಾಗಿ ಮರುವರ್ಷ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಆಗ ಯಾವ ಬೀದಿಯಲ್ಲೂ ಮೈಕಿನ ಆಟೋ ಬರಲಿಲ್ಲ. ಬರಕ್ಕೆ ಲಾರಿ ಹೊರಡುವುದಿಲ್ಲ. ಬರ ಫೋಟೋಗೆ ಸಿಗುವುದಿಲ್ಲ. ಹೊಳೆ ಉಕ್ಕುವುದು ಒಂದು ರಾತ್ರಿಯಲ್ಲಿ, ಬಾವಿ ಬತ್ತುವುದು ಒಂದು ವರ್ಷದಲ್ಲಿ. ಮೊದಲು ಕರು ಮಾರುತ್ತಾರೆ, ಆಮೇಲೆ ಹಸು, ಆಮೇಲೆ ಓಲೆ ಅಡವಿಗೆ ಹೋಗುತ್ತದೆ, ಆಮೇಲೆ ಮಗ ಬೆಂಗಳೂರಿಗೆ ಹೋಗುತ್ತಾನೆ. ಒಂದೊಂದೂ ಸದ್ದಿಲ್ಲದೆ ಆಗುತ್ತದೆ. ಕೊಡಗಿಗೆ ಲಾರಿ ತುಂಬಿಸಿದ ಬೀದಿಯಲ್ಲೇ ಮೇವಿಲ್ಲದೆ ಹಸು ಮಾರಿದ ಮನೆಯೂ ಇತ್ತು. ಅದರ ಕದ ತಟ್ಟಿದವರು ಎಷ್ಟು ಜನ?

ಬರಕ್ಕೆ ಹೊರಗಿನವರೇನು ಮಾಡಲು ಸಾಧ್ಯ ಎನ್ನಬೇಡಿ. ಧಾತು, ಈಶ್ವರ ಸಂವತ್ಸರಗಳ ಆ ದೊಡ್ಡ ಬರ, 1876ರಿಂದ 78ರವರೆಗಿನದು, ನಮ್ಮ ಅಜ್ಜಿಯರ ಅಜ್ಜಿಯರನ್ನು ತಿಂದದ್ದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರ ಹೊತ್ತಿಗೆ 42 ಲಕ್ಷಕ್ಕಿಂತ ಕಡಿಮೆಯಾಗಿದ್ದರು. ಆಗ ಲಂಡನ್ನಿನ ಮೇಯರ್ ಮುಂದೆ ನಿಂತು ಚಂದಾ ಎತ್ತಿದ ನಿಧಿಯಿಂದ ಮದ್ರಾಸಿಗೂ ಮೈಸೂರಿಗೂ ಹಣ ಬಂತು. ಬದುಕುಳಿದ ರೈತರಿಗೆ ಎತ್ತು, ಬಿತ್ತನೆ ಬೀಜ, ಗುಡಿಸಲ ಸೂರು ಕೊಡಿಸಲು ಅದನ್ನು ಬಳಸಿದರು. ನಮ್ಮನ್ನಾಳುತ್ತಿದ್ದವರು ಬರದಲ್ಲೂ ಧಾನ್ಯ ಹೊರಗೆ ಸಾಗಿಸಿದ ಪಾಪ ಅದರಿಂದ ತೊಳೆದುಹೋಗುವುದಿಲ್ಲ, ಅದು ಬೇರೆ ಲೆಕ್ಕ. ಆದರೆ ಎತ್ತು, ಬೀಜ, ಸೂರು ಎಂಬ ಪಟ್ಟಿಯನ್ನು ನೋಡಿ. ಎದ್ದು ನಿಲ್ಲಲು ಬೇಕಾದದ್ದು ಅದು. ಕೊಡಗಿನಲ್ಲಿ ಮನೆ ಕಳೆದುಕೊಂಡ ನೂರಾರು ಸಂಸಾರಗಳಿಗೆ ಜಂಬೂರು, ಮದೆನಾಡುಗಳಲ್ಲಿ ಹೊಸ ಮನೆಯ ಕೀಲಿ ಸಿಕ್ಕಿದ್ದು 2020ರಲ್ಲಿ. ಹೆಚ್ಚುಕಡಿಮೆ ಎರಡು ವರ್ಷ ಅವರು ಬಾಡಿಗೆ ಮನೆಯಲ್ಲಿ, ನೆಂಟರ ಮನೆಯಲ್ಲಿ ದಿನ ದೂಡಿದರು. ಬಟ್ಟೆಯ ಲಾರಿ ಹದಿನೈದು ದಿನಕ್ಕೆ ನಿಂತುಹೋಗಿತ್ತು. ಮಕ್ಕಳ ಶಾಲೆಯ ಫೀಸು, ಹೊಸ ಒಲೆ, ಹೊಲಿಗೆ ಯಂತ್ರ ಬೇಕಾದದ್ದು ಆ ಹದಿನಾರನೆಯ ದಿನದಿಂದ.

ಮಹಿಳಾ ಸಮಾಜಗಳಲ್ಲಿ, ಸಂಘಗಳಲ್ಲಿ ಇರುವ ನಿಮ್ಮನ್ನು ನಾನು ಕೇಳುವುದು ಇಷ್ಟೇ. ಸ್ತ್ರೀಶಕ್ತಿ ಸಂಘಗಳಲ್ಲಿ ಎರಡು ದಶಕದಿಂದ ವಾರಕ್ಕೊಮ್ಮೆ ಕೂತು ಪೈಸೆ ಪೈಸೆಯ ಲೆಕ್ಕ ಬರೆದಿದ್ದೇವೆ. ಗಂಡಸರು ಬರೆಯದ ಲೆಕ್ಕ ಅದು. ಮುಂದಿನ ಸಾರಿ ಎಲ್ಲಿ ಏನಾದರೂ ಆದಾಗ ಮೈಕಿನವರಿಗೆ ಕಾಯಬೇಡಿ. ಆ ಊರಿನ ಹೆಂಗಸರ ಸಂಘಕ್ಕೆ ಫೋನು ಮಾಡಿ, ಏನು ಬೇಕು ಎಂದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಬೇಡ ಎಂದರೆ ಬೇಡ. ದುಡ್ಡು ಎಂದರೆ ದುಡ್ಡು. ಲಂಗ ಎಂದರೆ ಹೊಸ ಲಂಗ, ಲಾಡಿ ಸಮೇತ. ಅರ್ಧವನ್ನು ಈಗ ಕಳಿಸಿ, ಅರ್ಧವನ್ನು ಆರು ತಿಂಗಳಿಗೆಂದು ಎತ್ತಿಡಿ. ಬ್ಯಾನರಿನ ದುಡ್ಡನ್ನೂ ಅದಕ್ಕೇ ಸೇರಿಸಿ. ಸಮಿತಿಯಲ್ಲಿ ನಿಮಗೆ ಕುರ್ಚಿ ಹಾಕದಿದ್ದರೆ ಮೂಟೆ ವಿಂಗಡಿಸಲು ಹೋಗಬೇಡಿ.

ನೆರೆ ನಾಳೆ ಯಾರ ಬಾಗಿಲಿಗೆ ಎಂದು ಹೇಳಬಲ್ಲವರಿಲ್ಲ. ನಮ್ಮ ಕೆರೆಯ ಏರಿಯೂ ಒಂದು ರಾತ್ರಿ ಒಡೆಯಬಹುದು, ಕೊಡಗಿನವಳೊಬ್ಬಳು ನಮಗಾಗಿ ಗಂಟು ಕಟ್ಟಬೇಕಾಗಬಹುದು. ಆಗ ಅವಳು ಹಳೆಯ ಪುಸ್ತಕ ತೆಗೆದು, ಬಿಂಡಿಗನವಿಲೆಯವರು ಏನು ಹಾಕಿದ್ದರು ಎಂದು ನೋಡುತ್ತಾಳೆ ಎಂದೇ ತಿಳಿಯಿರಿ. ಆ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಬರೆಸಲು ನಾಚಿಕೆಯಾಗದ್ದನ್ನು ಮಾತ್ರ ಕಳಿಸಿ.